ಹ್ಯಾಂಡಲ್ ಮೇಲಿನ ಕೈ

ಡೊಂಬಿವ್ಲಿಯ ಆ ಹೋಟೆಲಿನ ಯಜಮಾನರು ಹಳೆಯ ಫೋಟೋ ಹಿಡಿದುಕೊಂಡು ಕಲ್ಯಾಣದ ನಮ್ಮ ಮನೆಗೆ ಬಂದಾಗ ನನಗೆ ಖುಷಿಯೇ ಆಯಿತು. ಅಂಬರನಾಥದ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ನಾನು ಹಳೆಯ ಗ್ರಾಮಫೋನುಗಳನ್ನು ಬಿಚ್ಚಿ ಜೋಡಿಸುತ್ತಾ ಕೂತಿರುತ್ತೇನೆ. ಇಂಥವನ ಅಭಿಪ್ರಾಯ ಕೇಳಲು ಯಾರು ಬರುತ್ತಾರೆ? ಮನೆಯವರಂತೂ ಈ ಡಬ್ಬಗಳನ್ನು ಯಾವಾಗ ಸಾಗಹಾಕುತ್ತೀರಿ ಎಂದಷ್ಟೇ ಕೇಳುತ್ತಾರೆ.

ಫೋಟೋದ ನಡುವೆ ಹೋಟೆಲಿನ ಗಲ್ಲಾ, ಅದರ ಮೇಲೆ ಹೂವಿನಂತೆ ಅರಳಿದ ಹಿತ್ತಾಳೆ ಕಹಳೆಯ ಗ್ರಾಮಫೋನು. ಎಡಗಡೆ ಕೋಟು, ಪೇಟ ಧರಿಸಿದ ಬೆಳ್ಳಗಿನ ಒಬ್ಬರು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾರೆ. ಬಲಗಡೆ, ಹೆಗಲ ಮೇಲೆ ಬಟ್ಟೆ ಹಾಕಿಕೊಂಡ ಕಪ್ಪನೆಯ ಮನುಷ್ಯ, ಗ್ರಾಮಫೋನಿಗೆ ಕೀ ಕೊಡುವ ಹ್ಯಾಂಡಲ್ ಮೇಲೆ ಕೈಯಿಟ್ಟು ನಿಂತಿದ್ದಾನೆ. ಕೂತವರು ಯಜಮಾನರ ಅಜ್ಜ, ಉಡುಪಿ ಕಡೆಯಿಂದ ಬಂದು ಕಲ್ಯಾಣ ಸ್ಟೇಷನ್ ಹತ್ತಿರ ಮೊದಲ ಹೋಟೆಲ್ ಹಾಕಿದವರು. ನಿಂತವನು ಸಪ್ಲಾಯರ್. ಆ ಮನೆಯವರು ಹೀಗೆ ಹೇಳುತ್ತಾ, ಕೂತವರಿಗೆ ದಿನವೂ ಹೂವಿನ ಹಾರ ಹಾಕುತ್ತಾ ಬಂದಿದ್ದಾರೆ.

“ರಿನೋವೇಶನ್ ಆಗ್ತಾ ಉಂಟಲ್ಲ ಸರ್, ಒಂದು ಗೋಡೆ ಇಡೀ ಈ ಫೋಟೋ ಹಾಕುವುದು ಅಂತ. ಯಾವ ಕಾಲದ್ದು ಅಂತ ಕೆಳಗೆ ಬರೀಬೇಕು. ಹಳೇದಾದಷ್ಟು ಒಳ್ಳೇದು,” ಎಂದರು ಯಜಮಾನರು. ಉತ್ತರವನ್ನು ಅವರೇ ತಂದಿದ್ದರು, ನನ್ನಿಂದ ಬೇಕಾಗಿದ್ದದ್ದು ಬರೀ ಮುದ್ರೆ.

ಅವರು ಫೋಟೋವನ್ನು ನನ್ನ ಹತ್ತಿರ ಬಿಟ್ಟುಹೋದ ಸುದ್ದಿ ಕೇಳಿ, ಅದೇ ವಾರ ವಿಠ್ಠಲವಾಡಿಯಿಂದ ಒಬ್ಬ ಮುದುಕಿ ಬಂದರು. ಯಜಮಾನರಿಗೆ ಅವರು ಸಂಬಂಧದಲ್ಲಿ ಅತ್ತೆ. ಅಜ್ಜ ತೀರಿಹೋದಾಗ ಅವರ ಗಂಡುಮಕ್ಕಳು ಇನ್ನೂ ಚಿಕ್ಕವರಂತೆ. ಅಜ್ಜನ ತಮ್ಮ, ಅಂದರೆ ಈಕೆಯ ಅಪ್ಪ, ಹೋಟೆಲನ್ನು ನಡೆಸಿ ಉಳಿಸಿದರಂತೆ. ಹುಡುಗರು ದೊಡ್ಡವರಾದ ಮೇಲೆ ಚಿಕ್ಕಪ್ಪನನ್ನು ಹೊರಗೆ ಹಾಕಿದರು. ಹಾಕಿದ್ದು ಸಾಲದೆ, ಅವನು ಸಪ್ಲಾಯರ್ ಆಗಿದ್ದ ಎಂದು ಊರೆಲ್ಲ ಹೇಳಿದರು.

“ನನಗೆ ಪಾಲುಗೀಲು ಬೇಡ ಮಾರಾಯ್ರೆ. ಆ ನಿಂತವರು ನನ್ನ ಅಪ್ಪ. ಅವರನ್ನು ಸಪ್ಲಾಯರ್ ಅಂತ ಹೇಳುವುದು ಒಂದು ನಿಲ್ಲಲಿ. ನೀವು ಹೇಳಿದ್ರೆ ಕೇಳ್ತಾರೆ,” ಎಂದರು. ಆಮೇಲೆ, ನಾನು ಕೇಳದೆಯೇ, ಅಪ್ಪನ ಅಂಗಿಯ ಒಂದು ಜೇಬು ಯಾವಾಗಲೂ ಹರಿದಿರುತ್ತಿತ್ತು, ಅಮ್ಮ ಬೈದುಕೊಂಡೇ ತೇಪೆ ಹಾಕುತ್ತಿದ್ದಳು ಎಂದೂ ಹೇಳಿದರು. ವಯಸ್ಸಾದವರ ಮಾತು ಎಂದು ತಲೆಯಾಡಿಸಿ, ಚಹಾ ಕೊಟ್ಟು ಕಳಿಸಿದೆ.

ಅವರು ಹೋದ ಮೇಲೆ ಭೂತಗನ್ನಡಿ ಹಿಡಿದು ಕೂತೆ. ಇಂಥ ಫೋಟೋಗಳಲ್ಲಿ ಎಲ್ಲರೂ ಎಡವುವುದು ಗ್ರಾಮಫೋನಿನ ಪೆಟ್ಟಿಗೆಯನ್ನು ನೋಡಿ. ಕಹಳೆ ಹಳೆಯ ಕಾಲದ್ದು ಎಂದ ಮಾತ್ರಕ್ಕೆ ಫೋಟೋವೂ ಆ ಕಾಲದ್ದಲ್ಲ, ಹೋಟೆಲಿನವರು ಸೆಕೆಂಡ್ ಹ್ಯಾಂಡ್ ಮಾಲು ತರುತ್ತಿದ್ದರು. ನೋಡಬೇಕಾದದ್ದು ಫೋಟೋದೊಳಗಿನ ಎಲ್ಲಕ್ಕಿಂತ ಹೊಸ ವಸ್ತುವನ್ನು. ಗಲ್ಲಾದ ಹಿಂದೆ ದಾರಕ್ಕೆ ಅಂಟಿಸಿದ ಕಾಗದದ ಬಾವುಟಗಳಿದ್ದವು. ಒಂದು ಮಾತ್ರ ನೆಟ್ಟಗೆ ನಿಂತಿತ್ತು. ಅದರ ನಡುವೆ ಚರಖಾ ಇರಲಿಲ್ಲ, ಚಕ್ರ ಇತ್ತು. ಅಂದರೆ ಸ್ವಾತಂತ್ರ್ಯ ಬಂದ ಮೇಲಿನ ಫೋಟೋ. “ನಮ್ಮಜ್ಜ ಸ್ವರಾಜ್ಯ ನೋಡದೆಯೇ ಹೋದರು” ಎಂದು ಪ್ರತಿ ವರ್ಷ ಹೋಟೆಲಿನ ಪೂಜೆಯ ದಿನ ಮೈಕಿನಲ್ಲಿ ಹೇಳಿ ಕಣ್ಣೊರೆಸಿಕೊಳ್ಳುವುದು ಇದೇ ಯಜಮಾನರು.

ಇನ್ನೊಂದು ಸಂಗತಿ ನನ್ನ ಸ್ವಂತ ಬಾಲ್ಯದ್ದು. ಆಗ ಇಲ್ಲಿಯ ಹೋಟೆಲುಗಳಲ್ಲಿ ಗ್ರಾಮಫೋನಿನ ಹ್ಯಾಂಡಲನ್ನು ಕೆಲಸದವರ ಕೈಗೆ ಕೊಡುತ್ತಿರಲಿಲ್ಲ. ಒಂದು ಸುತ್ತು ಹೆಚ್ಚಾದರೆ ಸ್ಪ್ರಿಂಗ್ ಮುರಿಯುತ್ತದೆ. ಅಂಗಡಿ ಮುಚ್ಚುವಾಗ ಯಜಮಾನ ಗಲ್ಲಾದ ಬೀಗದಕೈಯ ಜೊತೆಗೆ ಆ ಕಬ್ಬಿಣದ ಹ್ಯಾಂಡಲನ್ನೂ ಕಳಚಿ ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದ. ಭೂತಗನ್ನಡಿಯನ್ನು ನಿಂತವನ ಅಂಗಿಯ ಮೇಲೆ ಸರಿಸಿದೆ. ಒಂದು ಜೇಬು ಜೋತುಬಿದ್ದಿತ್ತು, ಅದರ ಮೇಲೆ ಬೇರೆ ಬಟ್ಟೆಯ ತೇಪೆ ಇತ್ತು. ಮುದುಕಿಗೆ ಚಹಾ ಕೊಟ್ಟು ಸಾಗಹಾಕಿದ್ದಕ್ಕೆ ನಾಚಿಕೆಯಾಯಿತು.

ಡೊಂಬಿವ್ಲಿಗೆ ಹೋಗಿ ಯಜಮಾನರಿಗೆ ಎಲ್ಲವನ್ನೂ ತೋರಿಸಿದೆ. “ಇದು ನಿಮ್ಮ ಅಜ್ಜಾರು ಹೋದ ಮ್ಯಾಲಿನ ಫೋಟೋ ರೀ. ಹ್ಯಾಂಡಲ್ ಹಿಡದಾವ್ರ ಆಗಿನ ಯಜಮಾನ್ರು, ನಿಮ್ಮ ಅಜ್ಜಾರ ತಮ್ಮ. ಕುಂತಾವ್ರು ಯಾರೋ ಗೊತ್ತಿಲ್ಲ. ಪೆಟಗಿ ಮಾರಾಕ ಬಂದಾವ್ರೂ ಇರಬಹುದು,” ಎಂದೆ.

ಅವರು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಅರ್ಥವಾಗಲಿಲ್ಲ ಎಂದಲ್ಲ, ಚೆನ್ನಾಗಿಯೇ ಅರ್ಥವಾಯಿತು.

“ಆ ಫ್ಲ್ಯಾಗ್ ತೆಗೆಸಿದ್ರೆ ಆಯ್ತಲ್ಲ ಸರ್? ಕಂಪ್ಯೂಟರಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಆಗ್ತದೆ.”

“ಮತ್ತ ಕುಂತಾವ್ರು?”

“ಕೋಟು ನೋಡಿ, ಪೇಟ ನೋಡಿ. ಅಜ್ಜನ ಹಾಗೆ ಕಾಣ್ತಾರೆ. ಕಾಣ್ಲಿಕ್ಕೆ ಅಷ್ಟು ಸಾಕು.”

ಪಕ್ಕದಲ್ಲಿದ್ದ ಅವರ ಮಗಳು ಮೊಬೈಲಿನಿಂದ ತಲೆಯೆತ್ತಿ, “ಪಪ್ಪಾ, ವೋ ಖಡಾವಾಲಾ ಅಚ್ಛಾ ನಹೀ ಲಗ್ತಾ. ಕ್ರಾಪ್ ಕರ್ ದೋ ನಾ,” ನಿಂತವನು ಚೆನ್ನಾಗಿ ಕಾಣುವುದಿಲ್ಲ, ಕತ್ತರಿಸಿಬಿಡಿ, ಎಂದಳು. ಅಪ್ಪ ಮಗಳ ಬುದ್ಧಿಗೆ ಮೆಚ್ಚಿ ನಕ್ಕರು.

ತುರ್ಭೆಯಲ್ಲಿ ಪ್ರಿಂಟ್ ಮಾಡಿಸಿದ ಫೋಟೋ ಗೋಡೆಯ ತುಂಬ ಬಂತು. ಮರು ಉದ್ಘಾಟನೆಯ ದಿನ ನಾನೂ ಹೋದೆ, ಯಾಕೆ ಹೋದೆನೋ. ಯಜಮಾನರ ಆ ಅತ್ತೆ ಹೊಸ ಸೀರೆಯುಟ್ಟು ನನಗಿಂತ ಮೊದಲೇ ಬಂದು ಕೂತಿದ್ದರು. ಗೋಡೆಯ ಮೇಲೆ ಬಾವುಟ ಇರಲಿಲ್ಲ. ಬ್ರಿಟಿಷರ ಕಾಲದಿಂದ ಎಂದು ಬಂಗಾರದ ಅಕ್ಷರಗಳಲ್ಲಿ ಬರೆದಿತ್ತು. ಅಪ್ಪನನ್ನು ಹುಡುಕುತ್ತಾ ಅತ್ತೆಯ ಕಣ್ಣು ಗೋಡೆಯ ಅಂಚಿನವರೆಗೆ ಹೋಗಿ ಅಲ್ಲೇ ನಿಂತಿತು.

ಯಜಮಾನರು ಅವರನ್ನು ನೋಡಿ ಕೌಂಟರಿನಿಂದ ಒಂದು ಕವರ್ ತಂದುಕೊಟ್ಟರು. “ಅಪ್ಪ ಬೇಕು ಅಂತ ಹೇಳ್ತಿದ್ರಲ್ಲ ಅತ್ತೆ, ತಗೊಳ್ಳಿ. ಒರಿಜಿನಲ್ಲೇ ಕೊಟ್ಟಿದ್ದೇನೆ.” ಪಕ್ಕದಲ್ಲಿ ನಿಂತಿದ್ದವರು ನಕ್ಕರು. ಅತ್ತೆ ಕವರ್ ಬಿಡಿಸಿದರು. ಮೂಲ ಫೋಟೋವನ್ನೇ ಕತ್ತರಿಯಲ್ಲಿ ಉದ್ದಕ್ಕೆ ಕತ್ತರಿಸಿದ್ದರು. ಆ ಪಟ್ಟಿಯಲ್ಲಿ ನಿಂತ ಮನುಷ್ಯನಿದ್ದ, ತೇಪೆಯ ಜೇಬಿತ್ತು. ಬಲಗೈ ಮಣಿಕಟ್ಟಿನವರೆಗೆ ಮಾತ್ರ ಇತ್ತು.

ಉಳಿದದ್ದು ಗೋಡೆಯ ಮೇಲಿತ್ತು. ಕಹಳೆಯ ಅಂದ ಕೆಡಬಾರದೆಂದು ಹ್ಯಾಂಡಲನ್ನು ಹಾಗೇ ಬಿಟ್ಟಿದ್ದರು. ಅದನ್ನು ಹಿಡಿದ ಕೈ ಈಗ ಒಂದು ಮೊರದಷ್ಟು ದೊಡ್ಡದಾಗಿತ್ತು.

ಉದ್ಘಾಟನೆಗೆ ಬಂದಿದ್ದ ಮರಾಠಿ ಅತಿಥಿಯೊಬ್ಬರು ಅದನ್ನು ನೋಡಿ, “ಹಾ ಹಾತ್ ಕೋಣಾಚಾ?” ಈ ಕೈ ಯಾರದು, ಎಂದು ಕೇಳಿದರು.

“ವೇಟರ್ ಹೋತಾ ಆಮ್ಚಾ,” ನಮ್ಮ ವೇಟರ್ ಆಗಿದ್ದ, ಎಂದರು ಯಜಮಾನರು, ಅತ್ತೆಯ ಕಡೆ ನೋಡುತ್ತಲೇ.

ಅತ್ತೆ ಎದ್ದು ನಿಂತರು. ಆ ಪಟ್ಟಿಯನ್ನು ಮುಂದೆ ಹಿಡಿದು, “ಮಾಝ್ಯಾ ವಡಿಲಾಂಚಾ,” ನನ್ನ ಅಪ್ಪನದು, ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಯಜಮಾನರು ತಮ್ಮ ಹಣೆಯ ಪಕ್ಕ ಬೆರಳು ತಿರುಗಿಸಿ ತೋರಿಸಿದರು. ಅತಿಥಿಗೆ ಅರ್ಥವಾಯಿತು. ಅಯ್ಯೋ ಪಾಪ ಎನ್ನುವಂತೆ ಮುದುಕಿಯ ಕಡೆ ಒಮ್ಮೆ ನೋಡಿ, ಕುರ್ಚಿಯಲ್ಲಿ ಕೂತ ಆ ಯಾರೋ ಒಬ್ಬನಿಗೆ ಕೈಮುಗಿದು, ದೋಸೆ ತಿನ್ನಲು ಹೋದರು.