ಫಾಲಾನಿಕೊ ಬಾಯಿ ಮುಚ್ಚಿದ ದಿನ

ಫಾಲಾನಿಕೊ ತೆಂಗಿನ ಮರದಿಂದ ಬಿದ್ದು ಕಾಲು ಮುರಿದುಕೊಂಡ ದಿನ ಊರಿಗೆ ಊರೇ ಚಪ್ಪಾಳೆ ತಟ್ಟಿತ್ತು. ಅವನು ನೆಲದ ಮೇಲೆ ಹೊರಳಾಡುತ್ತ "ಅಯ್ಯೋ ಸತ್ತೆ, ಯಾರಾದ್ರೂ ಬನ್ರೋ" ಎಂದು ಕೂಗುತ್ತಿದ್ದರೆ, ರಸ್ತೆಯಲ್ಲಿ ಹೋಗುವವರು ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕು, "ಇನ್ನೊಂದ್ಸಲ ಬೀಳಪ್ಪಾ, ನಮ್ಮಕ್ಕ ನೋಡ್ಲಿಲ್ಲ" ಎಂದರು. ಕಾಲು ಊದಿ ಕುಂಬಳಕಾಯಿ ಆದಮೇಲೆಯೇ ಆಸ್ಪತ್ರೆಯ ಮಾತು ಬಂದದ್ದು.

ತಪ್ಪು ಊರಿನದಲ್ಲ. ಸಮೋವದಲ್ಲಿ ನಗೆನಾಟಕಕ್ಕೆ ಹೆಸರೇ 'ದೆವ್ವದ ಮನೆ'. ವೇಷ ಹಾಕಿದವನ ಮೈಮೇಲೆ ದೆವ್ವ ಬಂದಿದೆ ಎಂದು ಲೆಕ್ಕ. ಆಡಿದ್ದು ದೆವ್ವ, ಅವನಲ್ಲ. ಆದ್ದರಿಂದ ಊರ ಯಜಮಾನರ ಬೊಜ್ಜಿನ ಮೇಲೆ, ಪಾದ್ರಿಯ ನಿದ್ದೆಯ ಮೇಲೆ, ಯಾರ ಮೇಲೆ ಬೇಕಾದರೂ ಬಾಯಿ ಬಿಡಬಹುದು. ಸವಾಯಿ ದ್ವೀಪದ ನಮ್ಮ ಕರಾವಳಿಯ ಉದ್ದಕ್ಕೂ ಆ ದೆವ್ವದ ಪಾತ್ರಕ್ಕೆ ಫಾಲಾನಿಕೊನನ್ನು ಬಿಟ್ಟರೆ ಇನ್ನೊಬ್ಬನಿಲ್ಲ. ಹೆಂಗಸಿನ ಅಂಗಿ ತೊಟ್ಟು, ತೆಂಗಿನ ನಾರಿನ ಜಡೆ ಇಳಿಬಿಟ್ಟು ಅವನು ಕಾಲಿಟ್ಟರೆ ಸಾಕು, ಮಾತಾಡುವ ಮೊದಲೇ ಮಕ್ಕಳು ಮುದುಕರೆಲ್ಲ ಉರುಳುತ್ತಿದ್ದರು. ವೇಷ ಕಳಚಿದರೂ ಬಾಯಿ ಕಳಚುತ್ತಿರಲಿಲ್ಲ. ಕೆಸುವಿನ ತೋಟಕ್ಕೆ ಹೋಗುವಾಗ ಒಂದು, ಬರುವಾಗ ಒಂದು. ಎದುರು ಸಿಕ್ಕವರು ಕೆಣಕಬೇಕು, ಅವನು ಮರುಮಾತು ಕೊಡಬೇಕು. ಹಾಗಾದರೆ ಮಾತ್ರ ನಮಗೆ ಬೆಳಗಾದ ಹಾಗೆ.

ಹೆಂಡತಿ ಲೋಸಾಳ ಪಾಲಿಗೆ ದಿನಾ ಸಿಗುತ್ತಿದ್ದದ್ದು ಕೋಕೋ ಗಂಜಿಯ ಬೈಗುಳ. ಮದುವೆಯಾದ ಮರುದಿನದಿಂದ ಒಂದು ದಿನವೂ ತಪ್ಪದೆ ಅವನು ಬಟ್ಟಲಿಗೆ ಬಾಯಿಟ್ಟು, ಪಕ್ಕದ ಮನೆಗೂ ಕೇಳುವ ಹಾಗೆ, "ಲೋಸಾ, ಗಂಜಿ ಮಾಡಿದೀಯೋ ರಸ್ತೆಗೆ ಹಾಕೋ ಡಾಂಬರು ಕಾಯಿಸಿದೀಯೋ?" ಎನ್ನುತ್ತಿದ್ದ. ಅವಳು "ನಿನ್ನ ಬಾಯಿಗೆ ಡಾಂಬರೇ ಸರಿ" ಎನ್ನುತ್ತಿದ್ದಳು. ನಮ್ಮ ಮನೆಗಳಿಗೆ ಗೋಡೆ ಇಲ್ಲ, ಬರೀ ಕಂಬ. ಅವರ ಗಂಜಿಯ ಜಗಳ ಕೇಳಿಯೇ ನಾವೆಲ್ಲ ಚಾಪೆ ಸುತ್ತುತ್ತಿದ್ದೆವು.

ಇಂಥವನಿಗೆ ಮುಪ್ಪಿನಲ್ಲಿ ಒಂದು ಆಸೆ ಹುಟ್ಟಿತು. ಸಾಯುವುದರೊಳಗೆ ಒಬ್ಬರಾದರೂ ತನ್ನನ್ನು ನೋಡಿ ಹೆದರಬೇಕು. "ಜೀವಮಾನವೆಲ್ಲಾ ದೆವ್ವ ಆಗಿದ್ದೀನಿ. ಒಬ್ಬನೂ ಹೆದರಿಲ್ಲ ಅಂದ್ರೆ ಅದೇನು ದೆವ್ವ?" ಎಂದು ಹೇಳಿಕೊಂಡು ತಿರುಗುತ್ತಿದ್ದ. ಕೇಳಿದವರು ಅದಕ್ಕೂ ನಗುತ್ತಿದ್ದರು. ಲೋಸಾ ಅಂತೂ "ನಿನ್ನ ನೋಡಿ ನಮ್ಮ ಹಂದಿಮರೀನೂ ಹೆದರಲ್ಲ, ಸುಮ್ನೆ ಕೆಸು ಕೀಳು ಹೋಗು" ಎಂದುಬಿಟ್ಟಳು.

ಆಗ ಮೊಮ್ಮಗಳು ರುಟಾ ಶಾಲೆಯಿಂದ ಒಂದು ಕೆಲಸ ಹೊತ್ತು ತಂದಳು. ಹೈಸ್ಕೂಲಿನ ಕೊನೆಯ ವರ್ಷದವರು ಭೂತದ ಸಿನಿಮಾಕ್ಕೆ ಒಂದು ಟೀಸರ್ ಮಾಡಬೇಕು. ಸಿನಿಮಾ ಬೇಡ, ಒಂದು ಚೂರು ತುಣುಕು ಸಾಕು. ಎಲ್ಲಕ್ಕಿಂತ ಚೆನ್ನಾಗಿದ್ದದ್ದನ್ನು ಆಪಿಯಾ ಪೇಟೆಯ ಚಿತ್ರಮಂದಿರದಲ್ಲಿ ತೋರಿಸುತ್ತಾರೆ.

"ದೆವ್ವದ ಪಾತ್ರ ಯಾರಿಗೆ?" ಎಂದು ಫಾಲಾನಿಕೊ ಕೇಳಿದ, ತನಗೇನೂ ಆಸೆಯಿಲ್ಲದವನ ಹಾಗೆ.

"ಇನ್ಯಾರಿಗೆ ಅಜ್ಜಾ, ನಿಂಗೇ" ಎಂದಳು ರುಟಾ.

ಯೋಜನೆಯ ಸಭೆ ಸೇರಿದ್ದು ಮನೆಯ ಮುಂದಿನ ಗೋರಿಯ ಮೇಲೆ. ಫಾಲಾನಿಕೊನ ಅಮ್ಮ ಮಲಗಿರುವ ಗೋರಿ ಅದು. ಬಿಳಿ ಹೆಂಚು ಹಾಸಿದೆ, ತಗಡಿನ ಚಾವಣಿ ಇದೆ, ಮಧ್ಯಾಹ್ನ ತಣ್ಣಗಿರುತ್ತದೆ. ಒಂದು ತುದಿಯಲ್ಲಿ ಲೋಸಾ ಒಗೆದ ಬಟ್ಟೆ ಹರವಿದ್ದಳು.

"ಮೊದಲ್ನೇ ಶಾಟು, ಗೋರಿ. ಕತ್ತಲಾಗ್ತಾ ಇದೆ..." ಎಂದು ರುಟಾ ಶುರುಮಾಡಿದಳು.

"ಗೋರಿ ನೋಡಿ ಯಾರೇ ಹೆದರ್ತಾರೆ? ನಾನು ಇದರ ಮೇಲೇ ನಿದ್ದೆ ಮಾಡೋದು" ಎಂದ ಅಜ್ಜ.

"ಸರಿ, ಗೋರಿ ಬೇಡ. ಬಿಳಿ ಬಟ್ಟೆ ಉಟ್ಕೊಂಡು ಒಬ್ಳು ಹೆಂಗಸು ದೂರದಿಂದ ನಡ್ಕೊಂಡು ಬರ್ತಾಳೆ."

"ಭಾನುವಾರ ಊರ ಹೆಂಗಸರೆಲ್ಲಾ ಬಿಳೀನೇ ಉಡೋದು. ನಿಮ್ಮತ್ತೆ ಚರ್ಚಿಗೆ ಹೊರಟ್ಳು ಅಂತಾರೆ."

"ಮುಸ್ಸಂಜೆ ಬೆಳಕಲ್ಲಿ ತೆಗೆಯೋಣ ಅಜ್ಜಾ, ಆಗ ಬೇರೆ ಥರ ಕಾಣುತ್ತೆ."

"ಮುಸ್ಸಂಜೆ ಶಂಖ ಊದ್ತಾರೆ. ಪ್ರಾರ್ಥನೆ ಹೊತ್ತಲ್ಲಿ ಅಂಗಳಕ್ಕೆ ಕಾಲಿಟ್ರೆ ದೆವ್ವಕ್ಕೂ ದಂಡ ಹಾಕ್ತಾರೆ ನಮ್ಮೂರಲ್ಲಿ."

ಕೊನೆಗೆ ವೇಷದ ಪರೀಕ್ಷೆಯೇ ಆಗಿಬಿಡಲಿ ಎಂದರು. ಫಾಲಾನಿಕೊ ಜಡೆ ಇಳಿಬಿಟ್ಟು, ಕಣ್ಣಿಗೆ ಮಸಿ ಬಳಿದುಕೊಂಡು, ಜೀಗುಜ್ಜೆ ಮರದ ಹಿಂದಿನಿಂದ ಮೆಲ್ಲಗೆ ಹೊರಬಂದ. ಲೋಸಾ ತೋಟದಿಂದ ಬುಟ್ಟಿ ಹೊತ್ತು ಬರುತ್ತಿದ್ದಳು. ನೋಡಿದವಳೇ ಬುಟ್ಟಿ ಎತ್ತಿಹಾಕಿ, ನಕ್ಕು ನಕ್ಕು ಕೆಮ್ಮು ಹತ್ತಿ, ನೆಲಕ್ಕೆ ಕೂತಳು. ಫೋನು ಹಿಡಿದಿದ್ದ ರುಟಾಳ ಕೈಯೂ ನಗುವಿಗೆ ನಡುಗಿ, ಚಿತ್ರದಲ್ಲಿ ಬಂದದ್ದು ಬರೀ ಆಕಾಶ.

"ಅಜ್ಜಾ," ಎಂದಳು ಆಮೇಲೆ, ಕಾಲ ಹೆಬ್ಬೆರಳು ನೋಡಿಕೊಂಡು, "ಬೇಜಾರು ಮಾಡ್ಕೋಬೇಡ. ಬೇರೆ ಯಾರನ್ನಾದ್ರೂ ಹುಡುಕ್ತೀನಿ. ನೀನು ಬಂದ್ರೆ ನಗುನೇ ಬರುತ್ತೆ."

ಫಾಲಾನಿಕೊ ಜಡೆ ತೆಗೆದಿಟ್ಟು, ಮಸಿ ಒರೆಸಿಕೊಂಡು, ಅಮ್ಮನ ಗೋರಿಯ ಮೇಲೆ ಕೂತ. ಅಷ್ಟರಲ್ಲಿ ಪಕ್ಕದ ಮನೆಯ ಮೆಲೆ ಮೀನು ಹಿಡಿದುಕೊಂಡು ಹೋಗುತ್ತ, ದಿನದ ಹಾಗೆ, "ಏನು ಮುದುಕಪ್ಪಾ, ನಿಮ್ಮಮ್ಮನ ಪಕ್ಕ ಜಾಗ ಅಳತೆ ಮಾಡ್ತಿದೀಯಾ?" ಎಂದಳು. ಉತ್ತರ ಬರಲಿಲ್ಲ. ಎರಡು ಹೆಜ್ಜೆ ಹೋದವಳು ತಿರುಗಿ ನೋಡಿದಳು. ಫಾಲಾನಿಕೊ ಸಮುದ್ರ ನೋಡುತ್ತಿದ್ದ. ಮೆಲೆಯ ಮುಖ ನಿಧಾನವಾಗಿ ಬಿಳಿಚಿತು. ಮೀನನ್ನು ಎದೆಗೆ ಅವಚಿಕೊಂಡು ಬಿರಬಿರನೆ ಮನೆ ಸೇರಿದಳು.

ರುಟಾ ಅದನ್ನು ನೋಡಿದಳು. ಕೈಯಲ್ಲಿದ್ದ ಫೋನು ಇನ್ನೂ ಚಿತ್ರ ತೆಗೆಯುತ್ತಲೇ ಇತ್ತು. ಅವಳ ಮಾಸ್ತರರು ಒಂದು ಮಾತು ಹೇಳಿದ್ದರು: ದೆವ್ವವನ್ನು ತೋರಿಸಬೇಡಿ, ದೆವ್ವ ನೋಡಿದವರ ಮುಖ ತೋರಿಸಿ. ಓಡಿಹೋಗಿ ಅಜ್ಜನ ಕಿವಿಯಲ್ಲಿ ಪಿಸುಗುಟ್ಟಿದಳು. "ಅಜ್ಜಾ, ನಾಳೆ ಬೆಳಗ್ಗೆಯಿಂದ ನೀನು ಬಾಯಿ ಬಿಡಬಾರ್ದು. ಒಂದು ಮಾತೂ ಆಡಬಾರ್ದು, ನಗಲೂಬಾರ್ದು. ಅಷ್ಟೇ ಪಾತ್ರ. ಆಗುತ್ತಾ?"

"ಅಜ್ಜಿಗೆ ಹೇಳ್ತೀಯಾ?"

"ಹೇಳಿದ್ರೆ ಇನ್ನೇನು ಉಳೀತು!"

ಫಾಲಾನಿಕೊನ ಮುಖದಲ್ಲಿ ಹಳೆಯ ಕಳ್ಳನಗು ಮೂಡಿತು. ಕೆಲಸ ಮುಗಿಯುವವರೆಗೆ ಅದೇ ಅವನ ಕೊನೆಯ ನಗು ಎಂದು ಮಾತಾಯಿತು.

ಮರುದಿನ ಬೆಳಿಗ್ಗೆ ಲೋಸಾ ಗಂಜಿಯ ಬಟ್ಟಲು ಮುಂದಿಟ್ಟಳು. ಫಾಲಾನಿಕೊ ಪೂರ್ತಿ ಕುಡಿದು, ಬಟ್ಟಲು ಪಕ್ಕಕ್ಕಿಟ್ಟು, ಎದ್ದುಹೋಗಿ ಗೋರಿಯ ಮೇಲೆ ಕೂತ. ಲೋಸಾ ಕಾದಳು. ಅಕ್ಕಪಕ್ಕದ ಮನೆಗಳಲ್ಲಿ ನಾವೂ ಚಾಪೆ ಹಿಡಿದು ಕಾದೆವು. ಡಾಂಬರು ಬರಲೇ ಇಲ್ಲ.

"ಗಂಜಿ ಹೇಗಿತ್ತು?" ಎಂದು ಲೋಸಾ ತಾನಾಗಿಯೇ ಕೇಳಿದಳು. ಅವಳು ಹಾಗೆ ಕೇಳಿದ್ದನ್ನು ನಾವು ಎಂದೂ ಕೇಳಿರಲಿಲ್ಲ.

ಫಾಲಾನಿಕೊ ಸಮುದ್ರದ ಕಡೆ ಮುಖ ತಿರುಗಿಸಿದ.

ಬಿಸಿಲೇರುವ ಹೊತ್ತಿಗೆ ಸುದ್ದಿ ಊರು ಸುತ್ತಿತ್ತು. ಹೆಂಗಸರು ಕೆಸುವಿನ ಎಲೆಯಲ್ಲಿ ಕಟ್ಟಿದ ತೆಂಗಿನ ಹಾಲಿನ ಪೊಟ್ಟಣ ತಂದರು. ಗಂಡಸರು ದೂರ ನಿಂತು ಕೆಮ್ಮಿದರು. ಒಬ್ಬ ಧೈರ್ಯ ಮಾಡಿ ಅವನ ಹಳೆಯ ಹಾಸ್ಯವನ್ನೇ ಅವನಿಗೆ ಹೇಳಿ ನೋಡಿದ. ಹಾಸ್ಯ ಹಸಿ ಬಾಳೆಕಾಯಿಯ ಹಾಗೆ ನೆಲಕ್ಕೆ ಬಿತ್ತು. ಗೋರಿಯ ಮೇಲೆ ಒಣಗುತ್ತಿದ್ದ ಬಟ್ಟೆಗಳ ನಡುವೆ, ಒಂದು ಅಂಗಿಯ ತೋಳಿನೊಳಗಿಂದ, ರುಟಾಳ ಫೋನು ಎಲ್ಲರ ಮುಖವನ್ನೂ ನೋಡುತ್ತಿತ್ತು.

ಮಧ್ಯಾಹ್ನ ಸಿಯೆನಿ ಮುದುಕಿಯನ್ನು ಕರೆತಂದರು. ಮೈಗೆ ಎಣ್ಣೆ ನೀವಿ ದೆವ್ವದ ಕಾಯಿಲೆ ಬಿಡಿಸುವವಳು. ನೋನಿ ಗಿಡದ ಎಲೆ ಬಿಸಿ ಮಾಡಿ ಅವನ ಹಣೆಗೆ ಒತ್ತಿ, ಬೆನ್ನು ತಿಕ್ಕಿ, ಅವನ ಬಾಯಿಯ ಹತ್ತಿರ ಕಿವಿಯಿಟ್ಟು, "ಯಾರು ನೀನು? ಯಾವ ಮನೆಯವ್ರು?" ಎಂದಳು. ಎಣ್ಣೆಯ ಕೈ ಪಕ್ಕೆಗೆ ತಾಗಿ ಕಚಗುಳಿಯಾಗಿ, ನಗು ಅದುಮಿಕೊಳ್ಳಲು ಹೋಗಿ ಫಾಲಾನಿಕೊ ಅಡಿಯಿಂದ ಮುಡಿಯವರೆಗೆ ಅದುರಿದ.

"ನೋಡಿದ್ರಾ!" ಎಂದಳು ಸಿಯೆನಿ. "ಬಂದಿದಾರೆ. ಕೂತಿರೋದು ಯಾರ ಗೋರಿ ಮೇಲೆ? ಅಮ್ಮಂದು. ಅಮ್ಮನಿಗೆ ಏನೋ ನೋವಾಗಿದೆ. ಯಾರ್ಯಾರು ಆಕೆಗೆ ಏನೇನು ತಪ್ಪು ಮಾಡಿದೀರೋ, ಬಾಯಿಬಿಟ್ಟು ಹೇಳಿ. ಆಮೇಲೇ ಇವನ ಬಾಯಿ ಬಿಡೋದು."

ನಮ್ಮಲ್ಲಿ ಇದಕ್ಕೆ ಎರಡು ಮಾತಿಲ್ಲ. ಸತ್ತವರು ಮುನಿಸಿಕೊಂಡರೆ ಬದುಕಿರುವವರು ತಪ್ಪೊಪ್ಪಿಕೊಳ್ಳಬೇಕು. ಮೊದಲು ಮೆಲೆ ಮುಂದೆ ಬಂದಳು.

"ದೊಡ್ಡಮ್ಮಾ, ನಿನ್ನ ಮಣ್ಣಿನ ದಿನ ಒಂದು ಚಾಪೆ ಕಾಣೆಯಾಗಿತ್ತಲ್ಲ, ಅದು ನಮ್ಮನೆ ಅಟ್ಟದಲ್ಲಿದೆ. ಚೆನ್ನಾಗೇ ಇಟ್ಟಿದೀನಿ."

ಆಮೇಲೆ ತಡೆ ಇರಲಿಲ್ಲ. ಒಬ್ಬನು ಕೋಳಿ ಕದ್ದದ್ದನ್ನು ಒಪ್ಪಿಕೊಂಡ. ಇನ್ನೊಬ್ಬ ತೋಟದ ಬೇಲಿಯನ್ನು ಒಂದು ಮಾರು ಸರಿಸಿದ್ದನ್ನು ಒಪ್ಪಿಕೊಂಡ. ಪಾದ್ರಿಯವರು ಬೈಬಲ್ ಹಿಡಿದು ಬಂದವರು, ಎಲ್ಲರನ್ನೂ ಎರಡು ಹೆಜ್ಜೆ ಹಿಂದೆ ಕಳುಹಿಸಿ, ಗೋರಿಯ ಹತ್ತಿರ ಬಗ್ಗಿ, "ತಾಯಿ, ನಿಮ್ಮ ಮಣ್ಣಿನ ದಿನ ಒಂದು ಕೀರ್ತನೆ ಬಿಟ್ಟುಬಿಟ್ಟೆ. ಊಟದ ಹಂದಿ ತಣ್ಣಗಾಗ್ತಾ ಇತ್ತು" ಎಂದು, ನಮಗೆಲ್ಲ ಕೇಳುವ ಹಾಗೆ ಪಿಸುಗುಟ್ಟಿದರು. ಫಾಲಾನಿಕೊ ಮತ್ತೆ ಅದುರಿದ. ಪಾದ್ರಿಯವರು ಬೈಬಲನ್ನು ಮುಖಕ್ಕೆ ಅಡ್ಡ ಹಿಡಿದರು.

ಇಷ್ಟು ವರ್ಷ ದೆವ್ವದ ಬಾಯಿಂದ ಊರಿನ ಗುಟ್ಟು ಹೊರಹಾಕುತ್ತಿದ್ದವನು, ಈಗ ಬಾಯಿ ಮುಚ್ಚಿಯೇ ಅದಕ್ಕಿಂತ ಹೆಚ್ಚು ಹೊರಹಾಕಿಸುತ್ತಿದ್ದ. ಅವನ ಕಣ್ಣಂಚಿನಲ್ಲಿ ನೀರಿತ್ತು. ಅದು ನಗುವಿನದೆಂದು ರುಟಾಗೆ ಮಾತ್ರ ಗೊತ್ತು.

ಹೊತ್ತು ಇಳಿಯುವಾಗ ಲೋಸಾ ಬಂದಳು. ಅದುವರೆಗೆ ಅವಳು ಕಂಬಕ್ಕೆ ಒರಗಿ ನಿಂತೇ ಇದ್ದಳು. ಬಂದು ಗೋರಿಯ ತಲೆಯ ಕಡೆ ಮಂಡಿಯೂರಿದಳು.

"ಅತ್ತೇ, ನಿಮ್ಮ ಮಗನ ಗಂಜೀನ ನಾನು ದಿನಾ ಬೇಕಂತ್ಲೇ ತಳ ಹಿಡಿಸ್ತೀನಿ. ಮೊದಲ್ನೇ ದಿನ ಗೊತ್ತಿಲ್ದೆ ಹಿಡೀತು, ಬೈದ. ಬೈದಾಗ ಅವನ ಮುಖ ಅಷ್ಟು ಚೆನ್ನಾಗಿತ್ತು. ಆಮೇಲೆ ಸರಿಯಾಗಿ ಮಾಡೋಕೆ ಮನಸ್ಸೇ ಬರ್ಲಿಲ್ಲ. ನಿಮಗೆ ಅದೇ ನೋವಾಗಿದ್ರೆ ನಾಳೆಯಿಂದ ಚೆನ್ನಾಗಿ ಮಾಡ್ತೀನಿ. ಅವನ ಮಾತು ವಾಪಸ್ ಕೊಡಿ."

ಫಾಲಾನಿಕೊ ಅದುರಲಿಲ್ಲ. ತಿರುಗಿ ಹೆಂಡತಿಯನ್ನು ನೋಡಿದ. ಬಟ್ಟೆಗಳ ಹಿಂದಿನಿಂದ ರುಟಾ 'ಬೇಡ, ಬೇಡ' ಎಂದು ಕೈಯಾಡಿಸುತ್ತಿದ್ದಳು. ಅವನ ತುಟಿ ತೆರೆಯುವಷ್ಟರಲ್ಲಿ ಶಂಖ ಮೊಳಗಿತು.

ಶಂಖ ಊದಿದರೆ ಮುಗಿಯಿತು. ಎಲ್ಲರೂ ಅವರವರ ಮನೆ ಸೇರಿದರು. ಲೋಸಾ ಗಂಡನ ಕೈ ಹಿಡಿದು ಒಳಗೆ ಕರೆದೊಯ್ದು ಚಾಪೆಯ ಮೇಲೆ ಕೂರಿಸಿ, ಎಂದಿನ ಹಾಗೆ ಹಾಡು ಎತ್ತಿದಳು. ಊರಿನ ಎಲ್ಲ ಮನೆಗಳೂ ಒಟ್ಟಿಗೆ ಹಾಡುವ ಹೊತ್ತು ಅದು. ಆ ಹಾಡಿನ ಕೆಳಗೆ ದಿಂಬಿನ ಹಾಗೆ ಇರುತ್ತಿದ್ದ ಮಂದ್ರ ದನಿ ಫಾಲಾನಿಕೊನದು. ಅಂದು ಆ ದನಿ ಇರಲಿಲ್ಲ. ಮೇಲಿನ ದನಿಗಳೆಲ್ಲ ಆಧಾರವಿಲ್ಲದೆ ತೂಗಾಡಿದವು. ಒಂದೊಂದೇ ಮನೆ ತಡವರಿಸಿ, ದನಿ ತಗ್ಗಿಸಿ, ನಿಲ್ಲಿಸಿತು. ಕಡೆಗೆ ಊರಲ್ಲೆಲ್ಲ ಉಳಿದದ್ದು ಲೋಸಾಳ ಒಂಟಿ ದನಿ. ಅದೂ ನಡುಗಿ ನಿಂತಿತು.

ಅವಳು ನಿಜವಾಗಿಯೂ ಹೆದರಿದ್ದಳು. ಫಾಲಾನಿಕೊಗೆ ಜೀವಮಾನದ ಆಸೆ ಕೈಗೂಡಿತ್ತು, ಒಂದು ಗೇಣು ದೂರದಲ್ಲಿ ಕೂತಿತ್ತು. ಅವನು ಅದನ್ನು ಒಂದು ಉಸಿರಿನಷ್ಟು ಹೊತ್ತು ನೋಡಿದ. ನೋಡಲಾಗಲಿಲ್ಲ.

"ಲೋಸಾ," ಎಂದ, ಪ್ರಾರ್ಥನೆಯ ಮಧ್ಯದಲ್ಲೇ, ಪಕ್ಕದ ಮನೆಗೂ ಕೇಳುವ ಹಾಗೆ. "ನಾಳೆ ಏನಾದ್ರೂ ನೀನು ಗಂಜಿ ಚೆನ್ನಾಗಿ ಮಾಡಿದ್ರೆ ನಾನು ಮನೆ ಬಿಟ್ಟು ಹೋಗ್ತೀನಿ."

ಆಮೇಲೆ ನಡೆದದ್ದನ್ನು ಹೇಳುವುದು ಕಷ್ಟ. ಲೋಸಾ ಮೊದಲು ಅತ್ತಳು. ಆಮೇಲೆ ಹೊರಗೆ ಗೋರಿಯ ಮೇಲೆ, ಬಟ್ಟೆಗಳ ನಡುವೆ ಮಿನುಗುತ್ತಿದ್ದ ಫೋನು ಅವಳ ಕಣ್ಣಿಗೆ ಬಿತ್ತು. ಆಮೇಲೆ ಪೊರಕೆ ಕೈಗೆ ಬಂತು. ಫಾಲಾನಿಕೊ ಹಿಂದೊಮ್ಮೆ ಮುರಿದಿದ್ದ ಕಾಲು ಎಳೆದುಕೊಂಡು ಅಂಗಳಕ್ಕೆ ಓಡಿದ. ಪ್ರಾರ್ಥನೆಯ ಹೊತ್ತಿನಲ್ಲಿ ಅಂಗಳದಲ್ಲಿ ಓಡಿದ್ದಕ್ಕೂ, ಪಾದ್ರಿಯ ಬಾಯಿಂದ ಹಂದಿಯ ಗುಟ್ಟು ಹೊರಡಿಸಿದ್ದಕ್ಕೂ ಯಜಮಾನರು ಒಂದು ಹಂದಿಮರಿ ದಂಡ ಹಾಕಿದರು. ಅದನ್ನು ಹೊತ್ತುಕೊಂಡು ಹೋಗುವಾಗ ಮರಿ ಕಿರಿಚಿದ ಕಿರಿಚಾಟ ಮೂರು ಊರಿಗೆ ಕೇಳಿತು.

"ನೋಡು, ಹೆದರ್ತಾ ಇದೆ!" ಎಂದು ಅವನು ಲೋಸಾಗೆ ಕೂಗಿ ಹೇಳಿದ.

ಮೆಲೆ ಚಾಪೆ ತಂದುಕೊಟ್ಟಳು. ಬೇಲಿಯೂ ಒಂದು ಮಾರು ಹಿಂದೆ ಹೋಯಿತು. ಕೋಳಿ ಮಾತ್ರ ಬರಲಿಲ್ಲ, ತಿಂದಾಗಿತ್ತು.

ಟೀಸರ್‌ನಲ್ಲಿ ರುಟಾ ಗುಟ್ಟಿನ ಮಾತು ಒಂದನ್ನೂ ಹಾಕಲಿಲ್ಲ, ಬರೀ ಮುಖ ಹಾಕಿದಳು. ಮೀನು ಅವಚಿಕೊಂಡ ಮೆಲೆ. ಬೈಬಲಿನ ಅಂಚಿನ ಮೇಲೆ ಪಾದ್ರಿಯವರ ಎರಡು ಕಣ್ಣು. ಗೋರಿಯ ಮೇಲೆ ಕೂತವನ ಬೆನ್ನು. ಆಮೇಲೆ ಪೂರ್ತಿ ಕತ್ತಲೆ. ಕತ್ತಲೆಯಲ್ಲಿ ಒಂದೊಂದಾಗಿ ನಿಂತುಹೋಗುವ ಊರಿನ ಹಾಡು. ಪ್ರಾರ್ಥನೆಯ ಹೊತ್ತಿಗೆ ಫೋನು ಆರಿಸಲು ಮರೆತೆ ಎಂದು ಅವಳು ಇವತ್ತಿಗೂ ಹೇಳುತ್ತಾಳೆ. ನಂಬುವವರು ನಂಬಬಹುದು.

ಊರಿನ ಶಾಲೆಯಲ್ಲಿ ಅದನ್ನು ತೋರಿಸಿದಾಗ ಮೆಲೆಯ ಮೀನು ನೋಡಿ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಫಾಲಾನಿಕೊ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ಆದರೆ ಮಾಸ್ತರರು ನಕ್ಕಿರಲಿಲ್ಲ. ಅವರು ಬೇರೆ ಊರಿನವರು. ರುಟಾಳದೇ ಆಯ್ಕೆಯಾಯಿತು.

ದೋಣಿ ಹತ್ತಿ ಆಪಿಯಾಕ್ಕೆ ಹೋದೆವು. ಚಿತ್ರಮಂದಿರದಲ್ಲಿ ನಮ್ಮನ್ನು ಬಿಟ್ಟರೆ ಎಲ್ಲರೂ ಅಪರಿಚಿತರು. ದೀಪ ಆರಿತು. ಮುಖಗಳು ಬಂದವು, ಬೆನ್ನು ಬಂತು, ಕತ್ತಲೆ ಬಂತು. ಹಾಡು ಒಂದೊಂದೇ ಮನೆಯಲ್ಲಿ ನಿಂತಿತು. ಕಡೆಯ ಒಂಟಿ ದನಿ ನಡುಗಿ ನಿಂತಾಗ ಮುಂದಿನ ಸಾಲಿನಲ್ಲಿ ಯಾರೋ ದಪ್ಪ ಗಂಡಸು "ಅಮ್ಮಾ!" ಎಂದು ಚೀರಿದ.

ಫಾಲಾನಿಕೊ ಆ ಚೀರಾಟವನ್ನು ಬೆಲ್ಲದ ಹಾಗೆ ಬಾಯಲ್ಲಿಟ್ಟುಕೊಂಡು, ಸದ್ದಿಲ್ಲದೆ ಸವಿಯುತ್ತ ಕೂತ.

ಕತ್ತಲಲ್ಲಿ ಲೋಸಾಳ ಮೊಣಕೈ ಅವನ ಪಕ್ಕೆಗೆ ತಿವಿಯಿತು.

"ಏಯ್ ಮುದುಕಾ. ಸುಮ್ನೆ ಯಾಕೆ ಕೂತಿದೀಯಾ? ಏನಾದ್ರೂ ಮಾತಾಡು."