ಪೂಜೆಗಿಟ್ಟ ಪೆಟ್ಟಿಗೆ

ಆ ವರ್ಷದ ಆಯುಧಪೂಜೆಯ ಬೆಳಿಗ್ಗೆ ನಮ್ಮತ್ತೆ ಮೊಟ್ಟೆಗೆ ಕಾವು ಕೊಡುವ ಯಂತ್ರಕ್ಕೂ ಪೂಜೆ ಮಾಡಿದರು. ನೆಲಮಂಗಲದ ಆಚೆಗಿನ ನಮ್ಮೂರಿನಲ್ಲಿ ಆ ದಿನ ಕುಡುಗೋಲಿನಿಂದ ಹಿಡಿದು ಮೊಪೆಡ್‌ವರೆಗೆ ಎಲ್ಲಕ್ಕೂ ಕುಂಕುಮ ಬೀಳುತ್ತದೆ, ಅದೇನೂ ಹೊಸದಲ್ಲ. ಆದರೆ ನಮ್ಮತ್ತೆಗೆ ತೀರ್ಥ ಚಿಮುಕಿಸುವುದೆಂದರೆ ಅರ್ಧ ಚೊಂಬು. ಶಾಖವನ್ನು ಹದದಲ್ಲಿಡುವ ಪುಟ್ಟ ಕಂಟ್ರೋಲರ್ ಪೆಟ್ಟಿಗೆಯೊಳಕ್ಕೆ ನೀರಿಳಿದು ಚಟ್ ಎಂದಿತು. ಕೆಂಪಗೆ ಹೊಳೆಯುತ್ತಿದ್ದ ಅಂಕಿಗಳು ಆರಿಹೋದವು.

ಯಂತ್ರದೊಳಗಿದ್ದದ್ದು ಮಾರನೆಯ ದಿನ ಒಡೆಯಬೇಕಿದ್ದ ನಾಟಿ ಕೋಳಿಯ ಮೊಟ್ಟೆಗಳು. ಚಿಪ್ಪಿನೊಳಗೆ ಮರಿಗಳು ಪೂರ್ತಿ ಬೆಳೆದಿದ್ದವು. ಕರೆಂಟು ನೇರ ಕೊಟ್ಟರೆ ಬೆಂದುಹೋಗುತ್ತವೆ, ಕೊಡದಿದ್ದರೆ ತಣ್ಣಗಾಗುತ್ತವೆ. ನನ್ನ ಗಂಡ ಥರ್ಮಾಮೀಟರ್ ನೋಡುತ್ತಾ ಕೈಯಲ್ಲೇ ಸ್ವಿಚ್ಚು ಹಾಕಿ ತೆಗೆದು ಮಾಡುತ್ತಾ ಕೂತರು. ನಾನು ಕೆಟ್ಟ ಪೆಟ್ಟಿಗೆಯನ್ನು ಬ್ಯಾಗಿಗೆ ಹಾಕಿಕೊಂಡು, ಯಂತ್ರ ಕೊಂಡಿದ್ದ ಪೀಣ್ಯಕ್ಕೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅತ್ತೆಯನ್ನು ಮನಸ್ಸಿನಲ್ಲೇ ಬಾಯ್ತುಂಬ ಬೈದೆ.

ಯಂತ್ರ ಮಾರಿದವರ ಅಂಗಡಿಗೆ ಬೀಗ. ಹಿಂದಿನ ಬೀದಿಯ ಎಲೆಕ್ಟ್ರಾನಿಕ್ ಅಂಗಡಿಗಳು ತೆರೆದಿರುವುದು ಕಂಡು ಹೋದ ಜೀವ ಬಂತು. ಬಾಗಿಲಿಗೆ ಬಾಳೆಕಂದು, ಮುಂದೆ ಒಡೆದ ಬೂದುಗುಂಬಳ. ಒಳಗೆ ದೇವರ ಪಟದ ಮುಂದೆ ಸೋಲ್ಡರಿಂಗ್ ಕಡ್ಡಿ, ಮೀಟರು, ಸ್ಕ್ರೂಡ್ರೈವರು, ಮಾರಲಿಟ್ಟ ಸರಕು, ಎಲ್ಲಕ್ಕೂ ಸೇವಂತಿಗೆ ಹೂವು.

"ಅಣ್ಣ, ಇದೊಂದು ಸ್ವಲ್ಪ ನೋಡಿ, ತುಂಬಾ ಅರ್ಜೆಂಟು."

"ಇವತ್ತು ಟೂಲ್ ಮುಟ್ಟಲ್ಲ ಮೇಡಂ. ನಾಳೆ ಬನ್ನಿ, ಮೊದಲ್ನೇ ಕೆಲಸ ನಿಮ್ದೇ. ಪುರಿ ತಗೊಳ್ಳಿ."

ಮುಂದಿನ ಅಂಗಡಿಯಲ್ಲಿ ಕೋಸಂಬರಿ ಕೊಟ್ಟರು. ಅದರ ಮುಂದಿನದರಲ್ಲಿ ಕೂರಿಸಿ ಎಲೆ ಹಾಕಿ ಚಿತ್ರಾನ್ನ ಬಡಿಸಿದರು. ಆ ದಿನ ಪೀಣ್ಯದಲ್ಲಿ ಹಸಿದು ಸಾಯುವುದು ಸಾಧ್ಯವಿರಲಿಲ್ಲ, ಕೆಲಸ ಮಾಡಿಸಿಕೊಳ್ಳುವುದೂ ಸಾಧ್ಯವಿರಲಿಲ್ಲ. ಅಷ್ಟರಲ್ಲಿ ಗಂಡನ ಫೋನು. "ಒಂದ್ಸಲ ಜಾಸ್ತಿ ಕಾದ್ಬಿಡ್ತು ಕಣೆ. ಎಲ್ಲಿದ್ದೀಯ?"

ಅಂಗಡಿಯವರ ಮೇಲೆ ರೇಗಬೇಕೆನಿಸಿತು, ಆದರೆ ಯಾವ ಬಾಯಲ್ಲಿ ರೇಗಲಿ? ನಮ್ಮ ಮನೆಯಲ್ಲಿ ಅಂದು ಯಾರಾದರೂ ಬಂದು ಕುಡುಗೋಲು ಕೇಳಿದ್ದರೆ ನಾನೂ ಕೈಗೆ ಪುರಿ ಕೊಟ್ಟೇ ಕಳಿಸುತ್ತಿದ್ದೆ.

ಚಿತ್ರಾನ್ನ ಬಡಿಸಿದವರೇ ಲಗ್ಗೆರೆಯಲ್ಲಿ ಮನೆಯ ಕೆಳಗೆ ಕಂಟ್ರೋಲರ್ ಜೋಡಿಸುವವರೊಬ್ಬರಿದ್ದಾರೆ ಎಂದು ದಾರಿ ಹೇಳಿದರು. ಆಟೋ ಹಿಡಿದೆ. ಹಾರ ಹಾಕಿಸಿಕೊಂಡ ಆಟೋ ಮಾತ್ರ ಪೂಜೆ ಮುಗಿದ ಮರುಗಳಿಗೆಯೇ ಬಾಡಿಗೆಗೆ ಓಡಬಹುದು, ಅದು ಯಾವ ಶಾಸ್ತ್ರವೋ!

ಲಗ್ಗೆರೆಯ ಆ ಅಂಗಡಿಯಲ್ಲಿ ಮಾಲೀಕನೂ ಅವನ ವಯಸ್ಸಾದ ತಾಯಿಯೂ ಇದ್ದರು. ಪಟದ ಮುಂದೆ ನಮ್ಮಂಥದೇ ಪೆಟ್ಟಿಗೆ, ಹೊಚ್ಚಹೊಸದು, ಹೂವು ಮುಡಿದು ಕೂತಿತ್ತು. ಮಾಲೀಕ ಅದೇ ಮಾತು ಹೇಳಿ ಪುರಿಯ ಪೊಟ್ಟಣಕ್ಕೆ ಕೈಹಾಕಿದ. ನನ್ನ ತಾಳ್ಮೆಯ ಕಟ್ಟೆ ಒಡೆಯಿತು.

"ನಂಗೆ ಪುರಿ ಬೇಡ ಸಾರ್! ಒಳಗೆ ಜೀವ ಇದೆ. ನಾಳೆ ಒಡೀಬೇಕಾದ ಮರಿಗಳು. ನೀವು ನಾಳೆ ಆ ಪೆಟ್ಟಿಗೆ ಎತ್ತೋ ಹೊತ್ತಿಗೆ ನಾನು ಗುಂಡಿ ತೋಡ್ತಿರ್ತೀನಿ."

ಅಳಬಾರದೆಂದುಕೊಂಡರೂ ಅಳು ಬಂತು. ಮಾಲೀಕ ತಾಯಿಯ ಮುಖ ನೋಡಿದ. ಆಕೆ ಪಟದ ಮುಂದಿನ ಪೆಟ್ಟಿಗೆಯತ್ತ ಕೈತೋರಿ ಹೇಳಿದರು. "ಪೂಜೆಗಿಕ್ಕಿದ್ದ ನಾವು ಎತ್ತಾಕಿಲ್ಲ ಕಣವ್ವ. ನೀನೇ ಎತ್ಕಂಡು ಓಗು."

ನನ್ನ ಕೈ ಮುಂದಾಗಲಿಲ್ಲ. ಬಂದರೆ ದೋಷ ನನಗೇ ಬರಲಿ ಎಂದು ಕಣ್ಣುಮುಚ್ಚಿ ಕೈಮುಗಿದೆ, ಹೂವು ಸರಿಸಿ ಪೆಟ್ಟಿಗೆ ಎತ್ತಿದೆ. ಹಣ ಕೊಡಹೋದರೆ ಆಕೆ ಅದನ್ನೂ ಆ ದಿನ ಮುಟ್ಟಲಿಲ್ಲ.

ಊರು ಸೇರುವಾಗ ಬಿಸಿಲು ಇಳಿದಿತ್ತು. ಗಂಡ ಅವಸರವಾಗಿ ವೈರು ಜೋಡಿಸಿದರು, ಅಂಕಿಗಳು ಹೊತ್ತಿಕೊಂಡವು. ಅತ್ತೆ ಬೆಳಗಿನಿಂದ ನೀರೂ ಕುಡಿಯದೆ ಬಾಗಿಲ ಹೊರಗೇ ಕೂತಿದ್ದರಂತೆ. ಅವರತ್ತ ನಾನು ತಿರುಗಿಯೂ ನೋಡಲಿಲ್ಲ.

ಮಾರನೆಯ ದಿನ ಮೇಲಿನ ತಟ್ಟೆಗಳಲ್ಲಿ ಮರಿಗಳು ಒಡೆದು ಬಂದವು. ಹೀಟರಿಗೆ ಹತ್ತಿರವಿದ್ದ ಕೆಳಗಿನ ತಟ್ಟೆಗಳಲ್ಲಿ ಸದ್ದಿಲ್ಲ. ಇನ್ನೊಂದು ದಿನ ಕಾದೆವು. ಆಮೇಲೆ ನಾನು ಹಿತ್ತಲಲ್ಲಿ ಗುಂಡಿ ತೋಡಿ ಆ ತಟ್ಟೆಗಳನ್ನು ಹೊತ್ತು ತಂದೆ. ಅತ್ತೆ ಕೇಳದೆಯೇ ಬಂದು ಗುಂಡಿಯ ಪಕ್ಕ ಕೂತರು. ಒಂದೊಂದೇ ಮೊಟ್ಟೆಯನ್ನು ಸೆರಗಿನಿಂದ ಒರೆಸಿ, ಕಿವಿಗೆ ಹಿಡಿದು, ಬಹಳ ಹೊತ್ತು ಕೇಳಿ, ಗುಂಡಿಯೊಳಕ್ಕೆ ಮೆಲ್ಲಗೆ ಇಳಿಸುತ್ತಿದ್ದರು. ಎಸೆಯಲಿಲ್ಲ.

"ನಂಗೆ ಕಿವಿ ಮಂದ ಕಣವ್ವ," ಎಂದು ಅತ್ತೆ ಮುಂದಿನ ಮೊಟ್ಟೆಯನ್ನು ನನ್ನ ಕಡೆ ಚಾಚಿದರು. "ಒಂದ್ಕಿತ ನೀನೂ ಕೇಳು."

ನಾನು ಪಕ್ಕದಲ್ಲಿ ಕೂತು ಕೇಳಿದೆ.