ಒಂದೇ ಮಟ್ಟಿಯವರು

ಅಥವಾ ಅವನು ಹಾಗೆ ಹೇಳಲೇ ಇಲ್ಲವೋ ಏನೋ. 'ನಿಂಗೆ ತೋಚ್ದಂಗೆ ಮಾಡ್ಬುಡು' ಎಂದು ಅವನು ಫೋನಿನಲ್ಲಿ ಹೇಳಿದ ನೆನಪು ನನಗಿದೆ. ಆದರೆ ಆ ನೆನಪು ನನಗೆ ತುಂಬ ಅನುಕೂಲವಾಗಿದೆ, ಅನುಕೂಲವಾದ ನೆನಪನ್ನು ನಾನು ನಂಬುವುದಿಲ್ಲ. ಅವನು ಹೇಳಿದ್ದು 'ನಂದೂ ನೀನೇ ಮಾಡ್ಬುಡು' ಎಂದಷ್ಟೇ ಇರಬಹುದು. ಉಳಿದದ್ದನ್ನು ಆಮೇಲೆ, ಬೇಕಾದಾಗ, ನಾನೇ ಸೇರಿಸಿಕೊಂಡಿರಬಹುದು. ಅವನ ಅಪ್ಪನಿಗೆ ಮಂಡಿ ಆಪರೇಷನ್ ಇದ್ದದ್ದು, ಅವನು ಹತ್ತು ದಿನ ರಜೆ ಹಾಕಿ ಹೋಗಿದ್ದದ್ದು ನಿಜ. ಆ ಹತ್ತು ದಿನ ನಾನು ನಮ್ಮಿಬ್ಬರ ರೂಮಿನಲ್ಲಿ ಒಬ್ಬನೇ ಇದ್ದದ್ದೂ ನಿಜ.

ಮಾಡಬೇಕಾಗಿದ್ದ ಕೆಲಸ ಒಂದು ಆಟದ್ದು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ನಾವಿಬ್ಬರೂ ಆಡುತ್ತಿದ್ದ ಕಂಪ್ಯೂಟರ್ ಆಟ. ಅದರಲ್ಲಿ ನೀವು ಕುಸ್ತಿ ಆಡುವುದಿಲ್ಲ, ಕುಸ್ತಿಯ ಕಂಪನಿ ನಡೆಸುತ್ತೀರಿ. ಟಿವಿಯಲ್ಲಿ ತೋರಿಸುವಂಥ, ಗೆಲುವು ಸೋಲು ಮೊದಲೇ ಗೊತ್ತುಮಾಡಿಕೊಂಡು ಆಡುವ ಕುಸ್ತಿ. ವಾರಕ್ಕೊಂದು ಪ್ರದರ್ಶನ. ಯಾರಿಗೆ ಯಾರು ಜೋಡಿ, ಯಾರು ಗೆಲ್ಲಬೇಕು, ಕೊನೆಯ ಪಂದ್ಯ ಯಾರದು ಎಂದು ಪಟ್ಟಿ ಹಾಕಿದರೆ, ಜನಕ್ಕೆ ಅದು ಎಷ್ಟು ಹಿಡಿಸಿತು ಎಂದು ಆಟ ನೂರಕ್ಕೆ ಇಷ್ಟು ಅಂಕ ಕೊಡುತ್ತದೆ. ಚಿತ್ರವಿಲ್ಲ, ಸದ್ದಿಲ್ಲ. ಹೆಸರುಗಳು, ಅಂಕಿಗಳು, ಒಂದೆರಡು ಸಾಲಿನ ವರದಿ. ಒಂದೇ ಆಟದೊಳಗೆ ಅವನದೊಂದು ಕಂಪನಿ, ನನ್ನದೊಂದು. ನೋಡುವ ಜನ ಇಬ್ಬರಿಗೂ ಅವರೇ. ನನ್ನ ಕಡೆ ಬಂದಷ್ಟು ಅವನ ಕಡೆ ಕಡಿಮೆ. ಇಬ್ಬರೂ ಪಟ್ಟಿ ಹಾಕಿದ ಮೇಲೆಯೇ ಆಟದ ವಾರ ಮುಂದಕ್ಕೆ ಹೋಗುತ್ತಿತ್ತು, ನಮ್ಮ ಒಂದೆರಡು ದಿನಕ್ಕೆ ಆಟದ ಒಂದು ವಾರ.

ಹಾರೋಹಳ್ಳಿಯಲ್ಲಿ ನಮ್ಮದು ಒಂದೇ ಕೋಣೆಯ ಬಾಡಿಗೆ ಮನೆ. ನಾನು ಕೈಲಾಂಚದ ಕಡೆಯವನು, ಅವನು ಮಾಗಡಿಯಿಂದಾಚೆ ಒಂದು ಹಳ್ಳಿಯವನು. ಇಬ್ಬರೂ ಮದುವೆಯಾಗದ, ಇನ್ನು ಆಗುವ ಲಕ್ಷಣವೂ ಇಲ್ಲದ ವಯಸ್ಸಿನವರು. ಒಂದೇ ಕಾರ್ಖಾನೆ, ಅವನು ರಬ್ಬರ್ ಅಚ್ಚು ಒತ್ತುವ ಯಂತ್ರದಲ್ಲಿ, ನಾನು ಒತ್ತಿದ್ದನ್ನು ನೋಡಿ ಪಾಸು ಮಾಡುವಲ್ಲಿ. ಶಿಫ್ಟು ಮಾತ್ರ ಯಾವಾಗಲೂ ಎದುರುಬದುರು. ವಾರಕ್ಕೊಮ್ಮೆ ಇಬ್ಬರದೂ ಬದಲಾಗುತ್ತಿತ್ತು, ಆದ್ದರಿಂದ ಎಂದೂ ಕೂಡುತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ನಾನು ಅವನನ್ನು ಹೆಚ್ಚಾಗಿ ನೋಡಿರುವುದು ಅವನು ಗೋಡೆಯ ಕಡೆಗೆ ತಿರುಗಿ ಮಲಗಿದ್ದಾಗ. ಭಾನುವಾರ ಒಂದು ದಿನ ಮಾತು.

ಉಳಿದ ಆರು ದಿನದ ಮಾತು ಆಟದೊಳಗೆ. ಪ್ರತಿ ಪ್ರದರ್ಶನಕ್ಕೂ ಹೆಸರಿಡಲು ಒಂದು ಚೌಕವಿತ್ತು. ಅದರಲ್ಲಿ ಅವನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿಡುತ್ತಿದ್ದ. ನಾನು ಮಧ್ಯಾಹ್ನ ಬಂದು ಲ್ಯಾಪ್‌ಟಾಪು ತೆರೆದರೆ ಅವನ ಕಂಪನಿಯ ಆ ವಾರದ ಮಹಾಪ್ರದರ್ಶನದ ಹೆಸರು 'ಗ್ಯಾಸ್ ಮುಗ್ದೈತೆ' ಎಂದಿರುತ್ತಿತ್ತು. ಇನ್ನೊಂದು ವಾರ 'ಮುದ್ದೆ ಮಡ್ಗಿವ್ನಿ ತಿನ್ನು'. ಸಾವಿರಾರು ಜನ 'ಮುದ್ದೆ ಮಡ್ಗಿವ್ನಿ ತಿನ್ನು' ನೋಡಲು ಬಂದಿದ್ದರು ಎಂದು ವರದಿ ಹೇಳುತ್ತಿತ್ತು. ನಾನು ಒಬ್ಬನೇ ಕೂತು ನಗುತ್ತಿದ್ದೆ. ನಗುತ್ತಿದ್ದೆ ಎಂದೇ ನೆನಪು.

ಮೊದಮೊದಲು ಗೆಲ್ಲುತ್ತಿದ್ದವನು ನಾನು. ನನ್ನ ಬಳಿ ಇಬ್ಬರು ಹೆಸರುವಾಸಿಗಳಿದ್ದರು. ವಾರವಾರವೂ ಕೊನೆಗೆ ಅವರಿಬ್ಬರನ್ನೇ ಹಾಕುತ್ತಿದ್ದೆ.

"ಏನ್ಲಾ, ಮತ್ತೆ ಅವ್ರಿಬ್ರುನ್ನೇ ಆಡ್ಸಿದ್ದೀಯ. ಅವ್ರಿಗೇನು ಹೆಂಡ್ರು ಮಕ್ಳು ಇಲ್ವಾ?" ಎಂದು ಅವನು ಭಾನುವಾರ ಕೇಳುತ್ತಿದ್ದ.

"ಅಂಕ ನೋಡು. ತೊಂಬತ್ತು."

"ಬತ್ತದೆ. ದಿನಾ ಬಾಡೂಟ ಇಕ್ಕುದ್ರೆ ಯಾರ್ ಬ್ಯಾಡ ಅಂತಾರೆ?"

ಆಮೇಲೆ ಆಟಕ್ಕೆ ಮೊದಲ ಅಪ್‌ಡೇಟ್ ಬಂತು. ಜೋಡಿ ಮತ್ತೆ ಮತ್ತೆ ಅದೇ ಆದರೆ ಜನಕ್ಕೆ ಬೇಸರ, ಆಡುವವರಿಗೆ ಆಯಾಸ, ಆಯಾಸವಾದರೆ ಪೆಟ್ಟು. ನನ್ನ ಇಬ್ಬರಲ್ಲಿ ಒಬ್ಬನ ಭುಜ ಎರಡನೇ ವಾರಕ್ಕೇ ಹೋಯಿತು. ತೊಂಬತ್ತು ಐವತ್ತಾಯಿತು. ಅವನು ಮೊದಲಿನಿಂದಲೂ ಮೂವತ್ತು ಜನರನ್ನು ಸರದಿಯಲ್ಲಿ ನಿಧಾನವಾಗಿ ಆಡಿಸುತ್ತಿದ್ದವನು, ಏನೂ ಬದಲಿಸದೆ ನನ್ನನ್ನು ದಾಟಿದ. "ನೋಡ್ದಾ? ಬಾಯಿ ಕೆಡ್ತು ಜನಕ್ಕೆ," ಎಂದ. ನನಗೆ ಸಿಟ್ಟು ಬಂದಿತ್ತು. ತಮಾಷೆಯ ಸಿಟ್ಟು ಎಂದು ಆಗ ತಿಳಿದಿದ್ದೆ.

ಅವನು ಹಾಗೆ ಆಡಿಸುವುದಕ್ಕೆ ಒಂದು ಕಾರಣವಿತ್ತು. ಅವನ ಅಪ್ಪ ಊರಿನ ಗರಡಿಯಲ್ಲಿ ಕುಸ್ತಿ ಕಲಿಸುವ ಉಸ್ತಾದರು. ಕುಸ್ತಿಗೆ ಜೋಡಿ ಕಟ್ಟುವಾಗ ಹಿರಿಯರು ಪೈಲ್ವಾನರ ಮೈಕಟ್ಟು ನೋಡುತ್ತಾರೆ, ವಯಸ್ಸು ಕೇಳುತ್ತಾರೆ, ಕೈ ಹಿಡಿದು ನೋಡುತ್ತಾರೆ, ಮತ್ತು ಯಾವ ಗರಡಿ ಎಂದು ಕೇಳುತ್ತಾರೆ. ಒಂದೇ ಗರಡಿಯವರನ್ನು ಒಬ್ಬರ ಮೇಲೊಬ್ಬರನ್ನು ಬಿಡುವುದಿಲ್ಲ. ಗರಡಿಯ ಕೆಮ್ಮಣ್ಣಿಗೆ ಮಟ್ಟಿ ಅನ್ನುತ್ತಾರೆ. ಅಭ್ಯಾಸಕ್ಕೆ ಇಳಿಯುವ ಮೊದಲು ಅದನ್ನು ಒಬ್ಬರು ಇನ್ನೊಬ್ಬರ ಮೈಗೆ ಹಾಕುತ್ತಾರೆ. ಹಾಗೆ ಮಟ್ಟಿ ಹಾಕಿಕೊಂಡವರು ಊರ ಮುಂದೆ ಎದುರಾಗುವಂತಿಲ್ಲ. ಇದನ್ನೆಲ್ಲ ಅವನು ಒಂದು ದಿನ ಕೂರಿಸಿಕೊಂಡು ಹೇಳಿದ್ದಲ್ಲ. ನಾಲ್ಕು ವರ್ಷದಲ್ಲಿ ತುಂಡುತುಂಡಾಗಿ ಬಿದ್ದದ್ದನ್ನು ಈಗ ನಾನು ಜೋಡಿಸಿ ಬರೆಯುತ್ತಿದ್ದೇನೆ. ಒಂದೆರಡು ತುಂಡು ನನ್ನವೂ ಇರಬಹುದು.

ಆಟದಲ್ಲಿ ಅವನು ತನ್ನ ಮೂವತ್ತು ಜನರ ಹೆಸರು ಬದಲಿಸಿ ಮೂರು ಗರಡಿಗಳಾಗಿ ಹಂಚಿದ್ದ. ಮಾಗಡಿ, ಕನಕಪುರ, ಚನ್ನಪಟ್ಟಣ. ಆಟಕ್ಕೆ ಅದು ಗೊತ್ತಿರಲಿಲ್ಲ, ಅವನ ತಲೆಯಲ್ಲಿ ಮಾತ್ರ ಇತ್ತು. ಮಾಗಡಿಯವನಿಗೆ ಮಾಗಡಿಯವನನ್ನು ಅವನು ಎಂದೂ ಜೋಡಿ ಹಾಕಲಿಲ್ಲ. ಮಾಗಡಿ ಗರಡಿಯ ಉಸ್ತಾದ ಒಬ್ಬ ಮುದಿ ಕುಸ್ತಿಪಟು, ಅಂಕಿಗಳೆಲ್ಲ ಇಳಿಯುತ್ತಿದ್ದವನು. "ಇವುನ್ನ ಕೆಡುವೋದು ಅಂದ್ರೆ ಸಾವನದುರ್ಗದ್ ಬೆಟ್ಟನ ನೂಕ್ದಂಗೆ ಕಣ್ಲಾ," ಎಂದು ಅವನ ಬಗ್ಗೆ ಹೇಳುತ್ತಿದ್ದ.

ಎರಡನೇ ಅಪ್‌ಡೇಟಿನಲ್ಲಿ ಗುಂಪುಗಳು ಬಂದವು. ಯಾರು ಯಾರು ಒಂದು ಗುಂಪು ಎಂದು ಬರೆದಿಟ್ಟರೆ, ದಿನ ಕಳೆದಂತೆ ಅವರ ಒಗ್ಗಟ್ಟು ಏರುತ್ತದೆ. ಅವನು ಆ ಭಾನುವಾರ ಬೆಳಿಗ್ಗೆಯೇ ಕೂತು ಮೂರೂ ಗರಡಿಗಳನ್ನು ದಾಖಲಿಸಿದ. "ಕೊನ್ಗೂ ಗೇಮ್‌ನೋರ್ಗೆ ಬುದ್ಧಿ ಬಂತು," ಎಂದ. ಅಪ್‌ಡೇಟಿನ ಜೊತೆ ಬರುವ ಇಂಗ್ಲಿಷ್ ಟಿಪ್ಪಣಿಯನ್ನು ಅವನು ಓದುತ್ತಿರಲಿಲ್ಲ. ನಾನು ಓದಿದೆ, ಸಣ್ಣದನ್ನು ಕಣ್ಣಿಟ್ಟು ನೋಡುವುದೇ ನನ್ನ ಹೊಟ್ಟೆಪಾಡು. ಕೊನೆಯಲ್ಲಿ ಒಂದು ಸಾಲಿತ್ತು. ಗುಂಪನ್ನು ಒಡೆದು, ಒಬ್ಬ ಇನ್ನೊಬ್ಬನಿಗೆ ದ್ರೋಹ ಮಾಡಿದರೆ, ಅಷ್ಟು ದಿನ ಏರಿದ ಒಗ್ಗಟ್ಟೆಲ್ಲ ಒಂದೇ ರಾತ್ರಿಯಲ್ಲಿ ಜನರ ಅಬ್ಬರವಾಗಿ ಮಾರ್ಪಡುತ್ತದೆ. ಎಷ್ಟು ಹಳೆಯ ಗುಂಪೋ ಅಷ್ಟು ದೊಡ್ಡ ಅಬ್ಬರ.

ಅಂದಿನಿಂದ ಗುಂಪು ಕಟ್ಟುವುದು, ಎಂಟು ವಾರ ಕಾಯುವುದು, ಒಡೆಯುವುದು. ನಾನು ಅದನ್ನೇ ಮಾಡಿದೆ. ಆಟದಲ್ಲಿ ಕಂಪ್ಯೂಟರೇ ನಡೆಸುವ ಬೇರೆ ಕಂಪನಿಗಳೂ ಅದನ್ನೇ ಮಾಡಿದವು. ಅವನು ಮಾತ್ರ ಒಡೆಯಲಿಲ್ಲ. ಅವನ ಪ್ರದರ್ಶನ ನೋಡುತ್ತಿದ್ದ ಜನ ನಮ್ಮ ಕಡೆಗೆ ಹರಿದುಬಂದರು. ಸತತ ಮೂರು ವಾರ ಮೂವತ್ತಕ್ಕಿಂತ ಕಡಿಮೆ ಅಂಕ ಬಂದರೆ ಆಟ ಆ ಕಂಪನಿಯನ್ನು ಮುಚ್ಚಿಬಿಡುತ್ತದೆ. ಅವನದು ಮೂವತ್ತರ ಸುತ್ತ ತೆವಳುತ್ತಿತ್ತು. ಅದು ಮುಚ್ಚಿದರೆ ನಾನು ಒಬ್ಬನೇ ಆಡಬೇಕು. ಗ್ಯಾಸ್ ಮುಗಿದಿದೆ ಎಂದು ಹೇಳಲು ಯಾರೂ ಇರುವುದಿಲ್ಲ. ನನ್ನ ಹೆದರಿಕೆ ಅಷ್ಟೇ ಇತ್ತು, ಮತ್ತು ಅದು ಸಣ್ಣದಾಗಿರಲಿಲ್ಲ.

"ಒಂದ್ ಗರಡಿ ಒಡಿ, ಸಾಕು. ಮಾಗಡಿದು," ಎಂದೆ ಒಂದು ಭಾನುವಾರ.

"ಯಾಕ್ಲಾ?"

"ಎಲ್ಲಕ್ಕಿಂತ ಒಗ್ಗಟ್ಟು ಜಾಸ್ತಿ ಇರೋದು ಅದ್ರಲ್ಲೇ. ಶಿಷ್ಯನ ಕೈಲಿ ಉಸ್ತಾದಂಗೆ ಒಂದು ಬಾರ್ಸು. ಎಂಬತ್ತು ದಾಟ್ತದೆ."

"ಒಂದೇ ಮಟ್ಟಿ ಹಾಕ್ಕಂಡೋರು ಎದ್ರುಬದ್ರು ನಿಲ್ಲಕ್ಕಿಲ್ಲ."

"ಲೇ, ಇವು ಮಟ್ಟಿ ಮುಖನೇ ನೋಡಿಲ್ಲ. ಅಂಕಿ ಕಣ್ಲಾ ಇವು."

"ಅಂಕಿನೋ ಗಿಂಕಿನೋ. ಮುಚ್ಚೋದ್ರೆ ಮುಚ್ಚೋಗ್ಲಿ ಬುಡು. ಒಸಿ ಆ ಸೊಪ್ಪು ಬಿಡ್ಸು, ನೀರು ಕುದೀತಾ ಐತೆ."

ಹೇಳುವಾಗ ಅವನು ನಗುತ್ತಿದ್ದನೇ? ಸೊಪ್ಪು ಬಿಡಿಸುತ್ತ ಕೆಳಗೆ ನೋಡುತ್ತಿದ್ದೆ, ಮುಖ ನೋಡಲಿಲ್ಲ.

ಇದಾದ ಮೇಲೆ ಅಪ್ಪನ ಆಪರೇಷನ್. ಎರಡನೆಯ ದಿನ ಆಸ್ಪತ್ರೆಯಿಂದ ಫೋನ್ ಮಾಡಿದ. "ಎರಡೂ ಮಂಡಿ ಬದ್ಲಾಯ್ಸವ್ರೆ. ಅಪ್ಪುಂಗೂ ಹೊಸ ಫೀಚರ್ರು," ಎಂದ. ನಕ್ಕೆವು. ಆಟ ನಿಲ್ಲಿಸುವುದು ಬೇಡ, ಅವನ ಪಟ್ಟಿಯನ್ನೂ ನಾನೇ ಹಾಕಬೇಕು ಎಂದು ಮಾತಾಯಿತು. ಅಲ್ಲಿಯವರೆಗೆ ಖಚಿತ.

ಮೊದಲ ವಾರ ಅವನ ಹಾಗೆಯೇ ಪಟ್ಟಿ ಹಾಕಿದೆ. ಮಾಗಡಿಗೆ ಕನಕಪುರ, ಕನಕಪುರಕ್ಕೆ ಚನ್ನಪಟ್ಟಣ, ಮುದಿ ಉಸ್ತಾದನಿಗೆ ಒಂದು ಸುಲಭದ ಗೆಲುವು. ಇಪ್ಪತ್ತೆಂಟು ಬಂತು. ಅದರ ಹಿಂದಿನ ವಾರವೂ ಮೂವತ್ತರ ಕೆಳಗಿತ್ತು. ಇನ್ನೊಂದು ಬಿದ್ದರೆ ಮುಗಿಯಿತು.

ಮೊದಲ ಶಿಫ್ಟು ಮುಗಿಸಿ ಬಂದು, ಮಧ್ಯಾಹ್ನ, ಯೂನಿಫಾರ್ಮು ಬಿಚ್ಚದೆ ಕೂತು ಒಡೆದೆ. ಎರಡು ಗುಂಡಿ ಒತ್ತಿದರೆ ಆಯಿತು. ಶಿಷ್ಯ ಉಸ್ತಾದನನ್ನು ಹಿಂದಿನಿಂದ ಹೊಡೆದ, ಜನ ಎದ್ದು ನಿಂತರು ಎಂದು ವರದಿ ಬಂತು. ಎಂಬತ್ತೆಂಟು. ಅವನ ಕಂಪನಿಗೆ ಅಷ್ಟು ಅಂಕ ಯಾವತ್ತೂ ಬಂದಿರಲಿಲ್ಲ. ಹೆಸರಿನ ಚೌಕದಲ್ಲಿ 'ತಗೋ' ಎಂದು ಬರೆದೆ. ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಅವನ ಕಂಪನಿ ಉಳಿಯಿತು ಎಂಬ ಖುಷಿ ಎಷ್ಟು, ನಾನು ಹೇಳಿದ್ದೇ ಸರಿ ಎಂಬ ಖುಷಿ ಎಷ್ಟು ಎಂದು ಆಗ ಬೇರೆ ಮಾಡಿ ನೋಡಲಿಲ್ಲ. ಇನ್ನೊಂದು ದಾರಿ ಇತ್ತೆಂಬುದು ಎಷ್ಟೋ ತಿಂಗಳ ಮೇಲೆ, ಕನಕಪುರದ ಬಸ್ಸಿನಲ್ಲಿ ನಿಂತಿರುವಾಗ ಹೊಳೆಯಿತು. ನೋಡುವ ಜನ ಇಬ್ಬರಿಗೂ ಅವರೇ ಅಲ್ಲವೇ. ನನ್ನ ಪಟ್ಟಿಯನ್ನು ನಾನೇ ಕೆಡಿಸಿಕೊಂಡಿದ್ದರೆ ಅವನಿಗೆ ಮೂವತ್ತೊಂದು ಬರುತ್ತಿತ್ತು. ಸೋಲುವುದು ಒಂದು ಉಪಾಯವೆಂದು ನನಗೆ ತೋಚಿರಲೇ ಇಲ್ಲ.

ಅವನು ವಾಪಸು ಬಂದದ್ದು ಭಾನುವಾರ. ಡಬ್ಬಿಯಲ್ಲಿ ಕಜ್ಜಾಯ ತಂದಿದ್ದ. ಅವನು ಒಬ್ಬನೇ ನೋಡಲಿ ಎಂದು ನಾನು ಹಾಲು ತರುವ ನೆಪದಲ್ಲಿ ಹೊರಗೆ ಹೋದೆ. ಬರುವಾಗ ಲ್ಯಾಪ್‌ಟಾಪು ಮುಚ್ಚಿತ್ತು.

ಇಲ್ಲಿ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ಅವನು "ಹಾಲು ಸಿಕ್ತಾ?" ಎಂದು ಕೇಳಿ ಎದ್ದು ಪಾತ್ರೆ ತೊಳೆಯುತ್ತಾನೆ. ಇನ್ನೊಂದರಲ್ಲಿ "ಚೆನ್ನಾಗ್ ಬಂದೈತೆ ಕಣ್ಲಾ" ಎನ್ನುತ್ತಾನೆ, ಆಮೇಲೆ ಪಾತ್ರೆ ತೊಳೆಯುತ್ತಾನೆ. ಎರಡರಲ್ಲೂ ಪಾತ್ರೆ ಇದೆ. ಎರಡರಲ್ಲೂ ನಾನು ಹಾಲು ಕಾಯಿಸಲು ಇಡುತ್ತೇನೆ.

ಮುಂದಿನ ವಾರಗಳಲ್ಲಿ ಅವನ ಪಟ್ಟಿ ಎಂದಿನಂತೆ ಬರುತ್ತಿತ್ತು. ಮಾಗಡಿಗೆ ಕನಕಪುರ, ಕನಕಪುರಕ್ಕೆ ಚನ್ನಪಟ್ಟಣ. ಒಡೆದ ಆ ಇಬ್ಬರು, ಉಸ್ತಾದ ಮತ್ತು ಶಿಷ್ಯ, ಯಾವ ಪಟ್ಟಿಯಲ್ಲೂ ಇರಲಿಲ್ಲ. ಅವರಿಬ್ಬರ ಪಂದ್ಯಕ್ಕಾಗಿ ಜನ ಕಾಯುತ್ತಿದ್ದಾರೆ ಎಂದು ಆಟ ವಾರವಾರವೂ ಕೆಂಪು ಅಕ್ಷರದಲ್ಲಿ ಹೇಳುತ್ತಿತ್ತು. ಇಬ್ಬರೂ ಸುಮ್ಮನೆ ಕೂತಿದ್ದರು, ಸಂಬಳ ತೆಗೆದುಕೊಂಡು, ಬೇರೆ ಬೇರೆ. ಹೆಸರಿನ ಚೌಕ ಖಾಲಿ ಇರತೊಡಗಿತು.

ಅದೇ ಹೊತ್ತಿಗೆ ಮೂರನೇ ಅಪ್‌ಡೇಟ್ ಬಂದಿತ್ತು. ಸಹಾಯಕ ಎಂಬುದೊಂದನ್ನು ಕೊಟ್ಟಿದ್ದರು. ಅದನ್ನು ಒಮ್ಮೆ ಚಾಲೂ ಮಾಡಿದರೆ, ಯಜಮಾನ ಹಿಂದೆ ಹಾಕಿದ ಪಟ್ಟಿಗಳನ್ನು ನೋಡಿ ಕಲಿತು, ಅವನ ರೀತಿಯಲ್ಲೇ ಪಟ್ಟಿ ಹಾಕುತ್ತದೆ. ಯಜಮಾನ ಆಟ ತೆರೆಯುವುದೇ ಬೇಡ. ಈ ಟಿಪ್ಪಣಿಯನ್ನು ಅವನು ಓದಿದ್ದನೇ? ಓದುವವನಲ್ಲ. ಆದರೆ ಈ ಸಲ ಟಿಪ್ಪಣಿ ಬೇಕಿರಲಿಲ್ಲ, ಆಟ ತೆರೆದ ಕೂಡಲೇ ಅದೇ ಕೇಳುತ್ತಿತ್ತು, ಬೇಕೇ ಎಂದು. ನಾನು ಬೇಡ ಎಂದೆ.

ಆರು ತಿಂಗಳಿಗೆ ಅವನು ಕೆಲಸ ಬಿಟ್ಟ. ಬಿಡದಿಯ ಕಡೆ ಇನ್ನೊಂದು ಕಾರ್ಖಾನೆ, ಊರಿನಿಂದಲೇ ಬೈಕಿನಲ್ಲಿ ಹೋಗಿ ಬರಬಹುದು, ಅಪ್ಪನಿಗೂ ಹತ್ತಿರ. ತಪ್ಪು ಹುಡುಕಲಾಗದ ಕಾರಣ. ಹಾಸಿಗೆ ಸುತ್ತಿ, ಬಕೆಟ್ಟು ನನಗೇ ಬಿಟ್ಟು, "ಬತ್ತೀನಿ ಕಣಪ್ಪ, ಊರ್ ಕಡೆ ಬಾ" ಎಂದ. ನನ್ನನ್ನು ಅವನು 'ಲಾ' ಬಿಟ್ಟು 'ಅಪ್ಪ' ಸೇರಿಸಿ ಮಾತನಾಡಿಸಿದ್ದು ಅದೇ ಮೊದಲು ಎಂದು ಆಗ ಅನ್ನಿಸಿತು. ಮೊದಲಲ್ಲದೆಯೂ ಇರಬಹುದು.

ಒಮ್ಮೆ ಫೋನ್ ಮಾಡಿದೆ. ಅಪ್ಪನ ಮಂಡಿ ವಿಚಾರಿಸಿದೆ.

"ಜೋರಾಗವ್ರೆ. ಗರಡಿ ಮೆಟ್ಲು ಹತ್ತಿ ಇಳೀತಾವ್ರೆ, ಡಾಕ್ಟ್ರು ಬೈದವ್ರೆ."

"ಆಟ ಇನ್ನೂ ಐತೆ ಕಣ್ಲಾ, ನಿನ್ ಕಂಪ್ನಿ ನಡೀತಾ ಐತೆ," ಎಂದೆ.

"ಯಾವ ಆಟ?" ಎಂದ. ಆಮೇಲೆ "ಓ, ಅದಾ," ಎಂದು ನಕ್ಕ. ಆ ಕಡೆ ಯಾರೋ ಅವನನ್ನು ಕರೆದರು.

ಅವನ ಕಂಪನಿ ಈಗಲೂ ನಡೆಯುತ್ತಿದೆ, ಐವತ್ತರ ಆಸುಪಾಸಿನ ಅಂಕದಲ್ಲಿ. ಆ ಎಂಬತ್ತೆಂಟರ ರಾತ್ರಿ ಬಂದ ಜನರಲ್ಲಿ ಅರ್ಧ ಜನ ಉಳಿದುಕೊಂಡರು. ಅವನು ಹೋದ ಮೇಲೂ ಪಟ್ಟಿ ತಾನಾಗಿ ಬರುತ್ತಿರುವುದರಿಂದ, ಹೋಗುವ ಮೊದಲೇ ಯಾವಾಗಲೋ ಸಹಾಯಕನನ್ನು ಚಾಲೂ ಮಾಡಿದ್ದ ಎಂಬುದು ಸ್ಪಷ್ಟ. ಹಳೆಯ ವಾರಗಳನ್ನು ಒಂದೊಂದಾಗಿ ತೆರೆದು ನೋಡಿದ್ದೇನೆ. ಯಾರು ಯಾರನ್ನು ಎಷ್ಟು ನಿಮಿಷದಲ್ಲಿ ಕೆಡವಿದ, ಯಾರ ಭುಜಕ್ಕೆ ಪೆಟ್ಟಾಯಿತು, ಎಲ್ಲ ದಾಖಲಾಗಿದೆ. ಪಟ್ಟಿ ಹಾಕಿದ್ದು ಅವನೋ ಸಹಾಯಕನೋ ಎಂಬುದು ದಾಖಲಾಗಿಲ್ಲ. ಆ ಆರು ತಿಂಗಳು, ಅವನು ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುವಾಗ, ನಾನು ಎಷ್ಟು ವಾರ ಅವನ ಜೊತೆ ಆಡಿದೆ, ಎಷ್ಟು ವಾರ ಒಬ್ಬನೇ ಆಡಿದೆ ಎಂಬುದು ನನಗೆ ಗೊತ್ತಿಲ್ಲ. ನಾನು ಮಾಡಿದ್ದಕ್ಕೆ ನಿಲ್ಲಿಸಿದನೋ, ಸುಮ್ಮನೆ ಸಾಕಾಯಿತೋ, ಅದೂ ಗೊತ್ತಿಲ್ಲ.